ಯುದ್ಧನೌಕೆ ಮತ್ತು ಹದಿನೈದು ಗ್ರಾಂ

2025ರ ಮಾರ್ಚ್ 31. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಗಸ್ತಿನಲ್ಲಿದ್ದ ನಮ್ಮ ನೌಕಾಪಡೆಯ ಐಎನ್‌ಎಸ್ ತರ್ಕಶ್‌ಗೆ ಆಕಾಶದಿಂದ ಸುಳಿವು ಬಂತು. ಕೆಲವು ದೋಣಿಗಳ ಓಡಾಟ ಸರಿಯಿಲ್ಲ ಎಂದು ಪಿ-8ಐ ಕಣ್ಗಾವಲು ವಿಮಾನ ತಿಳಿಸಿತ್ತು. ತರ್ಕಶ್ ದಿಕ್ಕು ಬದಲಿಸಿ ಅತ್ತ ಹೊರಟಿತು, ಸುತ್ತಲಿನ ದೋಣಿಗಳನ್ನು ಒಂದೊಂದಾಗಿ ವಿಚಾರಿಸಿತು, ಕಡೆಗೆ ಒಂದು ಸರಕುದೋಣಿಯನ್ನು ತಡೆದು ನಿಲ್ಲಿಸಿತು. ನಮ್ಮ ಕರಾವಳಿಯಲ್ಲಿ ಮಂಜಿ ಎನ್ನುತ್ತಾರಲ್ಲ, ಆ ಬಗೆಯ ದೋಣಿ. ನೌಕೆಯ ಹೆಲಿಕಾಪ್ಟರ್ ಮೇಲಿಂದ ಕಾವಲಿತ್ತು. ಮಾರ್ಕೋಸ್ ಕಮಾಂಡೊಗಳು ದೋಣಿ ಹತ್ತಿದರು. ಒಳಗಿನ ಖಾನೆಗಳಲ್ಲಿ ಬಿಗಿಯಾಗಿ ಕಟ್ಟಿಟ್ಟ ಪೊಟ್ಟಣಗಳು. ಲೆಕ್ಕ ಹಾಕಿದಾಗ 2,386 ಕೆ.ಜಿ. ಹಶೀಶ್, 121 ಕೆ.ಜಿ. ಹೆರಾಯಿನ್.

ಇದಕ್ಕೆ ಎರಡು ವಾರ ಮೊದಲು ಮಂಗಳೂರು ಪೊಲೀಸರು ಬೆಂಗಳೂರಿಗೆ ಹೋಗಿ ಇಬ್ಬರು ವಿದೇಶಿ ಮಹಿಳೆಯರನ್ನು ಬಂಧಿಸಿದ್ದರು. ಅವರ ಟ್ರಾಲಿ ಬ್ಯಾಗುಗಳಲ್ಲಿ ಸುಮಾರು 37.87 ಕೆ.ಜಿ. ಎಂಡಿಎಂಎ ಮಾದಕವಸ್ತು ಸಿಕ್ಕಿತು, ಪೊಲೀಸರು ಹೇಳಿದ ಬೆಲೆ 75 ಕೋಟಿ ರೂಪಾಯಿ. ಎಲ್ಲ ಪ್ರಯಾಣಿಕರ ಸಾಮಾನಿನ ಜೊತೆಗೇ ದೆಹಲಿಯಿಂದ ವಿಮಾನದಲ್ಲಿ ಬಂದಿದ್ದ ಸರಕು ಅದು. ಪ್ರಕರಣದ ಎಳೆ ಸಿಕ್ಕಿದ್ದು ಅದಕ್ಕೂ ಆರು ತಿಂಗಳ ಮೊದಲು, ಮಂಗಳೂರಿನ ಪಂಪ್‌ವೆಲ್ ಬಳಿಯ ಲಾಡ್ಜೊಂದರಲ್ಲಿ. ಅಲ್ಲಿ ಒಬ್ಬನ ಬಳಿ ಇದ್ದದ್ದು 15 ಗ್ರಾಂ. ಅವನಿಗೆ ಕೊಟ್ಟವನು ಯಾರು ಎಂದು ಹುಡುಕಿದಾಗ 6 ಕೆ.ಜಿ. ಸಿಕ್ಕಿತು. ಆ 6 ಕೆ.ಜಿ. ಎಲ್ಲಿಂದ ಬಂತು ಎಂದು ಹುಡುಕಿದಾಗ ಆ ಟ್ರಾಲಿ ಬ್ಯಾಗುಗಳು ಸಿಕ್ಕವು.

ಮಾದಕವಸ್ತುಗಳ ಅಂತರರಾಷ್ಟ್ರೀಯ ಸಾಗಣೆಯನ್ನು ತಡೆಯುವುದರಲ್ಲಿ ಸೇನೆಯ ಪಾತ್ರವೇನು ಎಂಬ ಪ್ರಶ್ನೆಗೆ ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟುಕೊಂಡೇ ಉತ್ತರ ಹುಡುಕಬೇಕು. ದಡದಿಂದ ನೂರಾರು ಮೈಲಿ ಆಚೆ ಸಾಗುವ ಎರಡೂವರೆ ಟನ್ ಸರಕನ್ನು ತಡೆಯಲು ಪೊಲೀಸರ ಕೈಯಲ್ಲಿ ಆಗದು. ಲಾಡ್ಜಿನ ಕೋಣೆಯಲ್ಲಿ ಸಿಕ್ಕ 15 ಗ್ರಾಂನ ಹಿಂದೆ ಆರು ತಿಂಗಳು ಅಲೆಯುವುದು ಸೈನಿಕರ ಕೆಲಸವಲ್ಲ. ಕಳೆದ ಐವತ್ತು ವರ್ಷಗಳಲ್ಲಿ ಜಗತ್ತಿನ ಹಲವು ದೇಶಗಳು ಈ ಸರಳ ಭೇದವನ್ನು ಮರೆತವು. ಅದಕ್ಕೆ ತೆತ್ತ ಬೆಲೆ ದೊಡ್ಡದು.

ಅಫೀಮಿನ ಪರ, ಅಫೀಮಿನ ವಿರುದ್ಧ

ಸೇನೆಗೂ ಮಾದಕವಸ್ತುವಿಗೂ ಇರುವ ನಂಟು ಹಳೆಯದು, ಮತ್ತು ಅದು ಶುರುವಾದದ್ದು ತಿರುವುಮುರುವಾಗಿ. 1839ರಲ್ಲಿ ಚೀನಾದ ಅಧಿಕಾರಿ ಲಿನ್ ತ್ಸೆಶು ಬ್ರಿಟಿಷ್ ವ್ಯಾಪಾರಿಗಳಿಂದ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದ. ಆ ಅಫೀಮು ಬಹುಪಾಲು ನಮ್ಮ ನೆಲದಲ್ಲಿ, ಬಿಹಾರದಲ್ಲಿ ಮತ್ತು ಮಾಳ್ವದಲ್ಲಿ ಬೆಳೆದದ್ದು. ಅದರ ವ್ಯಾಪಾರ ಉಳಿಸಿಕೊಳ್ಳಲು ಬ್ರಿಟನ್ ಯುದ್ಧನೌಕೆಗಳನ್ನು ಕಳಿಸಿತು. ಭಾರತೀಯ ಸಿಪಾಯಿಗಳೂ ಅಲ್ಲಿಗೆ ಹೋಗಿ ಹೋರಾಡಿದರು. 1842ರ ನಾಂಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿನ ಪಾಲಾಯಿತು. ಹಣ ಎತ್ತ ಹರಿಯುತ್ತದೋ ಬಂದೂಕೂ ಅತ್ತ ವಾಲಬಹುದು ಎಂಬ ಪಾಠ ಅಂದೇ ಸಿಕ್ಕಿತ್ತು.

ಸೇನೆಯನ್ನು ಮಾದಕವಸ್ತುವಿನ ವಿರುದ್ಧ ತಿರುಗಿಸಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧ. 1971ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮಾದಕವ್ಯಸನವನ್ನು ದೇಶದ ಮೊದಲ ಶತ್ರು ಎಂದು ಸಾರಿದರು. ಆದರೂ ಅಮೆರಿಕದ ಸೈನಿಕ ತನ್ನ ದೇಶದೊಳಗೆ ಪೊಲೀಸನ ಕೆಲಸ ಮಾಡುವಂತಿರಲಿಲ್ಲ. 1878ರ ಪಾಸೆ ಕಮಿಟಾಟಸ್ ಕಾಯ್ದೆ ಅಡ್ಡ ನಿಂತಿತ್ತು. 1981ರಲ್ಲಿ ಆ ಬೇಲಿಯನ್ನು ಸಡಿಲಿಸಿ, ಸೇನೆ ತನ್ನ ಉಪಕರಣ ಮತ್ತು ಮಾಹಿತಿಯನ್ನು ಪೊಲೀಸರಿಗೆ ಕೊಡಬಹುದು ಎಂದಾಯಿತು. 1986ರಲ್ಲಿ ರೊನಾಲ್ಡ್ ರೇಗನ್ ಮಾದಕವಸ್ತು ಸಾಗಣೆಯನ್ನು ರಾಷ್ಟ್ರೀಯ ಭದ್ರತೆಗೆ ಒದಗಿದ ಅಪಾಯ ಎಂದು ಅಧಿಕೃತವಾಗಿ ಘೋಷಿಸಿದರು. 1980ರ ದಶಕ ಮುಗಿಯುವ ಹೊತ್ತಿಗೆ ಸಮುದ್ರ ಮತ್ತು ಆಕಾಶ ಮಾರ್ಗದ ಸಾಗಣೆಯನ್ನು ಪತ್ತೆಹಚ್ಚುವ ಮುಖ್ಯ ಹೊಣೆ ರಕ್ಷಣಾ ಇಲಾಖೆಯ ಹೆಗಲೇರಿತು. 1989ರ ಡಿಸೆಂಬರ್ 20ರಂದು ಅಮೆರಿಕದ ಪಡೆಗಳು ಪನಾಮಾದೊಳಕ್ಕೆ ನುಗ್ಗಿದವು. ಮಾದಕವಸ್ತು ಸಾಗಣೆಯ ಆರೋಪ ಹೊತ್ತಿದ್ದ ಆ ದೇಶದ ಸೇನಾ ನಾಯಕ ಮ್ಯಾನುಯೆಲ್ ನೊರಿಯೇಗಾ 1990ರ ಜನವರಿ 3ರಂದು ಶರಣಾದ. ಮಾತಿನಲ್ಲಿದ್ದ ಯುದ್ಧ ಎರಡು ದಶಕ ಕಳೆಯುವುದರೊಳಗೆ ನಿಜವಾದ ಯುದ್ಧವಾಗಿತ್ತು.

ಬೆಳೆಯ ಮೇಲೆ ಹೂಡಿದ ಯುದ್ಧ

ಮೂಲಕ್ಕೇ ಕೊಡಲಿ ಹಾಕೋಣ, ಗಿಡವೇ ಇಲ್ಲದಿದ್ದರೆ ಸರಕೆಲ್ಲಿಂದ ಬಂದೀತು ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. 1986ರಲ್ಲಿ ಅಮೆರಿಕ ಆರು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳನ್ನೂ ಸುಮಾರು 160 ಸೈನಿಕರನ್ನೂ ಬೊಲಿವಿಯಾಕ್ಕೆ ಕಳಿಸಿತು. ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಕಾಡು ಸೇರಿತ್ತು. ಹೆಲಿಕಾಪ್ಟರ್ ಇಳಿದಲ್ಲೆಲ್ಲ ಸಿಕ್ಕಿದ್ದು ಜನರು ಬಿಟ್ಟುಹೋದ ಖಾಲಿ ಕೊಕೇನ್ ಕಾರ್ಖಾನೆಗಳು. ಪಡೆ ಹಿಂತಿರುಗಿದ ಮೇಲೆ ಅವು ಮತ್ತೆ ಶುರುವಾದವು.

ಇದೇ ವಾದದ ದೊಡ್ಡ ಪ್ರಯೋಗ ನಡೆದದ್ದು ಕೊಲಂಬಿಯಾದಲ್ಲಿ. 2000ದಲ್ಲಿ ಶುರುವಾದ 'ಪ್ಲಾನ್ ಕೊಲಂಬಿಯಾ'ಕ್ಕೆ ಅಮೆರಿಕ ಹದಿನೈದು ವರ್ಷಗಳಲ್ಲಿ ಸುಮಾರು 1,000 ಕೋಟಿ ಡಾಲರ್ ಸುರಿಯಿತು. ಸೇನೆಗೆ ಹೆಲಿಕಾಪ್ಟರ್, ತರಬೇತಿ, ಗುಪ್ತಚರ ನೆರವು ಸಿಕ್ಕಿತು. ಕೊಕೇನ್ ತಯಾರಿಸುವ ಕೋಕಾ ಗಿಡದ ಹೊಲಗಳ ಮೇಲೆ ವಿಮಾನಗಳು ಗ್ಲೈಫೊಸೇಟ್ ಕಳೆನಾಶಕ ಸುರಿದವು. ಇದರಿಂದ ಏನೂ ಆಗಲಿಲ್ಲ ಎನ್ನುವುದು ಅನ್ಯಾಯ. ಕುಸಿಯುವ ಹಂತದಲ್ಲಿದ್ದ ಸರ್ಕಾರ ಚೇತರಿಸಿಕೊಂಡಿತು, ಫಾರ್ಕ್ ಬಂಡುಕೋರರು ಮಾತುಕತೆಗೆ ಬಂದರು, 2016ರಲ್ಲಿ ಶಾಂತಿ ಒಪ್ಪಂದವಾಯಿತು. ಕೋಕಾ ಬೆಳೆಯೂ ಒಂದು ಹಂತದವರೆಗೆ ಇಳಿಯಿತು. ವಿಶ್ವಸಂಸ್ಥೆಯ ಸಮೀಕ್ಷೆಯ ಪ್ರಕಾರ 2013ರಲ್ಲಿ ಅದು 48,000 ಹೆಕ್ಟೇರ್. ಆದರೆ 2023ರಲ್ಲಿ ಅದೇ ಸಮೀಕ್ಷೆ ಲೆಕ್ಕ ಹಾಕಿದ್ದು 2,53,000 ಹೆಕ್ಟೇರ್. ಹತ್ತು ವರ್ಷಗಳಲ್ಲಿ ಐದು ಪಟ್ಟು.

ಕಾರಣ ಹೊಲದಲ್ಲೇ ಇದೆ. ಒಳನಾಡಿನ ರೈತ ಬಾಳೆಯನ್ನೋ ಮೆಕ್ಕೆಜೋಳವನ್ನೋ ಬೆಳೆದರೆ ಅದನ್ನು ಪೇಟೆಗೆ ಒಯ್ಯಲು ರಸ್ತೆಯಿಲ್ಲ. ಕೋಕಾ ಎಲೆಗೆ ಕೊಳ್ಳುವವನು ಮನೆ ಬಾಗಿಲಿಗೇ ಬರುತ್ತಾನೆ. ಗಿಡ ಸತ್ತರೆ ರೈತ ಇನ್ನಷ್ಟು ಒಳಗೆ ಹೋಗಿ ಕಾಡು ಕಡಿದು ಮತ್ತೆ ನೆಡುತ್ತಾನೆ. ಸೇನೆಯ ಕೈಯಲ್ಲಿ ಗಿಡ ಕೀಳುವ ಶಕ್ತಿಯುಂಟು; ರಸ್ತೆ, ಸಾಲ, ಮಾರುಕಟ್ಟೆ ಕೊಡುವುದು ಅದರ ಕೆಲಸವಲ್ಲ.

ಕೊಲಂಬಿಯಾ ಕಲಿಸಿದ ಇನ್ನೊಂದು ಪಾಠ ಹೆಚ್ಚು ಕಹಿ. ಬಂಡುಕೋರರೊಂದಿಗಿನ ಹೋರಾಟದಲ್ಲಿ ಹೆಣಗಳ ಎಣಿಕೆಯೇ ಯಶಸ್ಸಿನ ಅಳತೆಯಾಯಿತು. ಎಣಿಕೆ ಹೆಚ್ಚಿಸಿದವರಿಗೆ ರಜೆ, ಬಹುಮಾನ, ಬಡ್ತಿ. ಆಗ ಕೆಲವು ಸೇನಾ ತುಕಡಿಗಳು ಕೆಲಸ ಕೊಡಿಸುವ ಆಸೆ ತೋರಿಸಿ ಬಡ ಯುವಕರನ್ನು ಕರೆದೊಯ್ದು ಕೊಂದವು, ಶವಕ್ಕೆ ಬಂಡುಕೋರರ ಸಮವಸ್ತ್ರ ತೊಡಿಸಿ ಲೆಕ್ಕ ತೋರಿಸಿದವು. 2002ರಿಂದ 2008ರ ನಡುವೆ ಹೀಗೆ 6,402 ಜನ ಕೊಲೆಯಾದರು ಎಂದು ಅಲ್ಲಿನ ಶಾಂತಿ ನ್ಯಾಯಮಂಡಳಿ ಹೇಳಿದೆ. ಅಳತೆಗೋಲು ತಪ್ಪಿದರೆ ಸೇನೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಈ ಒಂದು ಸಂಖ್ಯೆ ಸಾಕು.

ಅಫ್ಘಾನಿಸ್ತಾನದಲ್ಲಿ ಅಫೀಮಿನ ಮೂಲವಾದ ಗಸಗಸೆ ಬೆಳೆ 2017ರಲ್ಲಿ 3,28,000 ಹೆಕ್ಟೇರಿಗೆ ಏರಿತು, ಅದು ದಾಖಲೆ. ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಹೆಲ್ಮಂಡ್ ಪ್ರಾಂತ್ಯದ ಹೆರಾಯಿನ್ ತಯಾರಿಕಾ ಸ್ಥಳಗಳ ಮೇಲೆ ಬಾಂಬ್ ದಾಳಿ ಶುರುಮಾಡಿತು. ಜಗತ್ತಿನ ಅತ್ಯಾಧುನಿಕ ಎಫ್-22 ಯುದ್ಧವಿಮಾನಗಳೂ ಬಿ-52 ಬಾಂಬರ್‌ಗಳೂ ಬಂದವು. ಅವು ಉರುಳಿಸಿದ್ದು ಮಣ್ಣಿನ ಗೋಡೆಗಳನ್ನು, ಕಬ್ಬಿಣದ ಪೀಪಾಯಿಗಳನ್ನು, ಸೌದೆ ಒಲೆಗಳನ್ನು. ಅಂಥದ್ದೊಂದನ್ನು ಮತ್ತೆ ಕಟ್ಟಲು ಕೆಲವೇ ದಿನ ಸಾಕು. 2019ರ ಆರಂಭದಲ್ಲಿ ಆ ಕಾರ್ಯಾಚರಣೆ ಸದ್ದಿಲ್ಲದೆ ನಿಂತಿತು. ಗಸಗಸೆ ಬೆಳೆ ನಿಜಕ್ಕೂ ಕುಸಿದದ್ದು 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ನಿಷೇಧ ಹೇರಿದ ಮೇಲೆ. ಮರುವರ್ಷ ಶೇ 95ರಷ್ಟು ಇಳಿಯಿತು. ಅದರ ಜೊತೆಗೇ ಲಕ್ಷಾಂತರ ರೈತ ಕುಟುಂಬಗಳ ಆದಾಯವೂ ಕುಸಿಯಿತು. ಆದರೆ ವ್ಯಾಪಾರ ನಿಲ್ಲಲಿಲ್ಲ. 2023ರಲ್ಲಿ ಮ್ಯಾನ್ಮಾರ್ 1,080 ಟನ್ ಅಫೀಮು ಬೆಳೆದು ಜಗತ್ತಿನ ಮೊದಲ ಸ್ಥಾನಕ್ಕೆ ಬಂತು. ಬಲೂನನ್ನು ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುವುದು ಹೀಗೆ.

ಬೀದಿಗಿಳಿದ ಸೈನಿಕ

2006ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ತಮ್ಮ ಹುಟ್ಟು ರಾಜ್ಯ ಮಿಚೊಆಕಾನ್‌ಗೆ 6,500 ಸೈನಿಕರನ್ನೂ ಪೊಲೀಸರನ್ನೂ ಕಳಿಸಿದರು. ಸ್ಥಳೀಯ ಪೊಲೀಸರು ಮಾದಕವಸ್ತು ಸಾಗಿಸುವ ಕಾರ್ಟೆಲ್‌ಗಳಿಗೆ ಮಾರಿಕೊಂಡಿದ್ದಾರೆ, ಸೇನೆಯೊಂದೇ ಶುದ್ಧ ಎಂಬ ನಂಬಿಕೆ ಆಗ ಜನರಲ್ಲೂ ಇತ್ತು. ತಾತ್ಕಾಲಿಕ ಎಂದು ಶುರುವಾದ ಆ ನಿಯೋಜನೆ ಇಂದಿಗೂ ಮುಗಿದಿಲ್ಲ.

ನೌಕಾಪಡೆಯ ಸೈನಿಕರು ಸಿನಾಲೋವಾ ಕಾರ್ಟೆಲ್‌ನ ಎಲ್ ಚಾಪೊ ಗುಸ್ಮಾನ್‌ನನ್ನು 2014ರಲ್ಲಿ ಹಿಡಿದರು. ಅವನು ಜೈಲಿನಿಂದ ಸುರಂಗ ಕೊರೆಸಿಕೊಂಡು ಪರಾರಿಯಾದ ಮೇಲೆ 2016ರಲ್ಲಿ ಮತ್ತೆ ಸಿಕ್ಕಿಬಿದ್ದ. ಕಾರ್ಯಾಚರಣೆಯಾಗಿ ಅದು ದೊಡ್ಡ ಗೆಲುವು. ಆದರೆ ಒಬ್ಬ ದೊರೆ ಬಿದ್ದಾಗಲೆಲ್ಲ ಗುಂಪು ಒಡೆದು, ಚೂರುಗಳು ಪಟ್ಟಕ್ಕಾಗಿ ಕಾದಾಡಿದವು, ಕೊಲೆಗಳು ಹೆಚ್ಚಿದವು. ಅಧಿಕೃತ ದಾಖಲೆಯಲ್ಲೇ ಕಾಣೆಯಾದವರ ಸಂಖ್ಯೆ 2022ರಲ್ಲಿ 1 ಲಕ್ಷ ದಾಟಿತು. ತಮ್ಮ ಮಕ್ಕಳನ್ನು ಹುಡುಕುತ್ತ ಸಲಿಕೆ, ಕಬ್ಬಿಣದ ಸರಳು ಹಿಡಿದು ಬಯಲುಗಳಲ್ಲಿ ನೆಲ ಅಗೆಯುವ ತಾಯಂದಿರ ಗುಂಪುಗಳು ಇಂದು ಮೆಕ್ಸಿಕೊದ ರಾಜ್ಯ ರಾಜ್ಯಗಳಲ್ಲಿವೆ. ಇಷ್ಟೆಲ್ಲ ಆದರೂ ಫೆಂಟಾನಿಲ್ ಎಂಬ ಮಾದಕವಸ್ತು ಅಮೆರಿಕವನ್ನು ತಲುಪುವುದು ತಪ್ಪಲಿಲ್ಲ. ಅದು ಬಹುಪಾಲು ಅಧಿಕೃತ ಗಡಿ ದ್ವಾರಗಳ ಮೂಲಕವೇ, ಕಾರುಗಳಲ್ಲಿ ಅಡಗಿ ದಾಟುತ್ತದೆ.

ಸೇನೆ ಶುದ್ಧ ಎಂಬ ನಂಬಿಕೆಗೂ ಗಟ್ಟಿ ಆಧಾರವಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳು ಅಲ್ಲಿ ಹಲವು. ಜನರಲ್ ಗುಟಿಯೆರೆಸ್ ರೆಬೊಯೊ ಮಾದಕವಸ್ತು ನಿಗ್ರಹ ಸಂಸ್ಥೆಯ ಮುಖ್ಯಸ್ಥನಾಗಿ ಕೆಲವೇ ವಾರಗಳಾಗಿದ್ದವು. 1997ರ ಫೆಬ್ರುವರಿಯಲ್ಲಿ ಕಾರ್ಟೆಲ್ ದೊರೆಯೊಬ್ಬನ ರಕ್ಷಣೆಗೆ ನಿಂತ ಆರೋಪದ ಮೇಲೆ ಆತನೇ ಬಂಧನಕ್ಕೊಳಗಾದ. ಸೇನೆಯ ವಿಶೇಷ ಪಡೆಯಲ್ಲಿ ತರಬೇತಿ ಪಡೆದು ಓಡಿಹೋದವರೇ ಸೇರಿ 'ಲೋಸ್ ಸೇತಾಸ್' ಎಂಬ ಅತಿ ಕ್ರೂರ ತಂಡ ಕಟ್ಟಿದರು. ದೀರ್ಘಕಾಲ ಅಪಾರ ಹಣದ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಪಡೆಯೂ ಕೆಡಬಹುದು. ಪೊಲೀಸ್ ಕೆಟ್ಟರೆ ಸೇನೆಯನ್ನು ಕರೆಯಬಹುದು. ಸೇನೆಯೇ ಕೆಟ್ಟರೆ ಕರೆಯಲು ಯಾರೂ ಉಳಿಯುವುದಿಲ್ಲ.

ಇಕ್ವೆಡಾರ್ ಈಗ ಅದೇ ದಾರಿಯಲ್ಲಿದೆ. 2024ರ ಜನವರಿ 9ರಂದು ಗ್ವಾಯಾಕಿಲ್ ನಗರದ ಟಿ.ವಿ. ಸ್ಟುಡಿಯೊಗೆ ಬಂದೂಕುಧಾರಿಗಳು ನೇರ ಪ್ರಸಾರದ ನಡುವೆಯೇ ನುಗ್ಗಿದರು. ಅಧ್ಯಕ್ಷ ಡೇನಿಯಲ್ ನೊಬೊವಾ ದೇಶದೊಳಗೆ ಸಶಸ್ತ್ರ ಸಂಘರ್ಷವಿದೆ ಎಂದು ಸಾರಿ ಸೇನೆಯನ್ನು ಬೀದಿಗೆ, ಜೈಲುಗಳಿಗೆ ಇಳಿಸಿದರು. ಆ ದಿನದ ಭಯದಲ್ಲಿ ಯಾವ ಸರ್ಕಾರವೂ ಬಹುಶಃ ಹಾಗೆಯೇ ಮಾಡುತ್ತಿತ್ತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ, ಅದೇ ನಗರದಲ್ಲಿ, ವಾಯುಪಡೆಯ ಗಸ್ತು ವಾಹನ ಹಿಡಿದೊಯ್ದ ನಾಲ್ವರು ಹುಡುಗರು ಮನೆಗೆ ಮರಳಲಿಲ್ಲ. ಅವರ ಸುಟ್ಟ ದೇಹಗಳು ಸಿಕ್ಕವು. ಅವರಲ್ಲಿ ಚಿಕ್ಕವನಿಗೆ ಹನ್ನೊಂದು ವರ್ಷ. ಎದುರಿಗಿರುವವನು ಶತ್ರು ಎಂದು ಕಲಿತ ಕಣ್ಣಿಗೆ ನಾಗರಿಕ ಕಾಣುವುದು ಕಷ್ಟ.

ಕಡಲಿನಲ್ಲಿ ಸೇನೆಯ ನಿಜವಾದ ಬಲ

ಹಾಗಾದರೆ ಸೇನೆಗೆ ಪಾತ್ರವೇ ಇಲ್ಲವೇ? ಖಂಡಿತ ಇದೆ, ಮತ್ತು ಅದು ಮುಖ್ಯವಾಗಿ ಕಡಲಿನಲ್ಲಿದೆ. ಇರಾನ್ ಮತ್ತು ಪಾಕಿಸ್ತಾನದ ಮಕ್ರಾನ್ ತೀರದಿಂದ ಹೊರಡುವ ಹೆರಾಯಿನ್, ಹಶೀಶ್, ಮೆಥಾಂಫೆಟಮೈನ್ ಅರಬ್ಬಿ ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ, ಶ್ರೀಲಂಕಾಕ್ಕೆ, ಮಾಲ್ಡೀವ್ಸ್‌ಗೆ, ನಮ್ಮ ತೀರಕ್ಕೆ ಬರುತ್ತವೆ. ದಾರಿಯಲ್ಲಿರುವ ಸೇಶೆಲ್ಸ್‌ನಂಥ ಪುಟ್ಟ ದ್ವೀಪ ದೇಶ ಹೆರಾಯಿನ್ ವ್ಯಸನದಲ್ಲಿ ಜಗತ್ತಿನ ಮುಂಚೂಣಿಗೆ ಬಂದದ್ದು ಈ ಸಾಗಣೆಯಿಂದಲೇ. ಈ ಹರವಿನ ಮೇಲೆ ಕಣ್ಣಿಡಲು ದೂರ ಹಾರುವ ವಿಮಾನ, ರಡಾರ್, ತಿಂಗಳುಗಟ್ಟಲೆ ನೀರಿನಲ್ಲಿರಬಲ್ಲ ಹಡಗು ಬೇಕು. ಅವು ಹೆಚ್ಚಾಗಿ ಇರುವುದು ನೌಕಾಪಡೆಗಳ ಬಳಿ. ಬಹರೈನ್‌ನಲ್ಲಿ ನೆಲೆಸಿರುವ ಸಂಯುಕ್ತ ನೌಕಾಪಡೆಗಳ ಕೂಟದ 150ನೇ ಕಾರ್ಯಪಡೆ ಇದನ್ನೇ ಮಾಡುತ್ತದೆ. ಭಾರತ 2023ರಲ್ಲಿ ಆ ಕೂಟದ ಪೂರ್ಣ ಸದಸ್ಯನಾಯಿತು. 2024ರ ಏಪ್ರಿಲ್ 13ರಂದು ಐಎನ್‌ಎಸ್ ತಲ್ವಾರ್ 940 ಕೆ.ಜಿ. ಮಾದಕವಸ್ತು ಹಿಡಿದದ್ದು ಆ ಸದಸ್ಯತ್ವದ ಮೊದಲ ಫಲ.

ಕಡಲಿನಲ್ಲೂ ಮಿತಿಗಳಿವೆ. ಕಡಲ್ಗಳ್ಳರ ಹಡಗನ್ನು ಯಾವ ದೇಶದ ಯುದ್ಧನೌಕೆಯಾದರೂ ಹಿಡಿಯಬಹುದು. ಮಾದಕವಸ್ತುವಿಗೆ ಅಂಥ ಸಾರ್ವತ್ರಿಕ ಅಧಿಕಾರವಿಲ್ಲ. 1988ರ ವಿಶ್ವಸಂಸ್ಥೆ ಒಪ್ಪಂದದ 17ನೇ ವಿಧಿಯ ಪ್ರಕಾರ, ಹಡಗು ಯಾವ ದೇಶದ ಬಾವುಟ ಹೊತ್ತಿದೆಯೋ ಆ ದೇಶದ ಒಪ್ಪಿಗೆ ಬೇಕು. ಬಾವುಟವೇ ಇಲ್ಲದ ದೋಣಿಯಾದರೆ ಹತ್ತಿ ತಪಾಸಣೆ ಮಾಡಬಹುದು. ಆದರೆ ಅದರಲ್ಲಿದ್ದವರನ್ನು ಯಾವ ನ್ಯಾಯಾಲಯದ ಮುಂದೆ ನಿಲ್ಲಿಸುವುದು? ಉತ್ತರ ಸಿಗದೆ ಬಹುರಾಷ್ಟ್ರೀಯ ಗಸ್ತುಗಳು ಎಷ್ಟೋ ಸಲ ಸರಕನ್ನು ನಾಶಮಾಡಿ, ದೋಣಿಯನ್ನೂ ಜನರನ್ನೂ ಬಿಟ್ಟುಬಿಡುತ್ತವೆ. ಸಿಕ್ಕಿಬೀಳುವವರು ಕೂಲಿಗೆ ಬಂದ ಬಡ ಖಲಾಸಿಗಳು. ಸರಕಿನ ಒಡೆಯ ದಡದ ಮೇಲೆ ಸುರಕ್ಷಿತ.

ಈ ತೊಡಕನ್ನು ಗುಂಡಿನಿಂದ ಬಿಡಿಸಿಕೊಳ್ಳುವ ಆತುರ ಎಂಥ ಅನಾಹುತಕ್ಕೆ ದಾರಿಯೆಂಬುದನ್ನು ಪೆರು ತೋರಿಸಿದೆ. ಅಮೆರಿಕದ ಕಣ್ಗಾವಲು ವಿಮಾನ ಸುಳಿವು ಕೊಟ್ಟರೆ ಸಂಶಯಾಸ್ಪದ ವಿಮಾನವನ್ನು ಪೆರುವಿನ ವಾಯುಪಡೆ ಹೊಡೆದುರುಳಿಸುವ ವ್ಯವಸ್ಥೆ ಅಲ್ಲಿತ್ತು. 2001ರ ಏಪ್ರಿಲ್‌ನಲ್ಲಿ ಅಮೆಜಾನ್ ಮೇಲೆ ಹಾರುತ್ತಿದ್ದ ಒಂದು ಪುಟ್ಟ ಸೆಸ್ನಾ ವಿಮಾನಕ್ಕೆ ಹೀಗೆ ಗುಂಡು ಬಿತ್ತು. ಅದರಲ್ಲಿದ್ದದ್ದು ಒಂದು ಮಿಷನರಿ ಕುಟುಂಬ. ಗಾಯಗೊಂಡ ಪೈಲಟ್ ಹೇಗೋ ನದಿಯ ಮೇಲೆ ವಿಮಾನ ಇಳಿಸಿದ. ತಾಯಿ ಮತ್ತು ಏಳು ತಿಂಗಳ ಮಗು ಅಷ್ಟರಲ್ಲಿ ಸತ್ತಿದ್ದರು. ಮಾದಕವಸ್ತು ಒಂದು ಗ್ರಾಂ ಕೂಡ ಇರಲಿಲ್ಲ. ಇದಾಗಿ ಕಾಲು ಶತಮಾನ ಕಳೆಯುವ ಹೊತ್ತಿಗೆ, 2025ರ ಸೆಪ್ಟೆಂಬರ್ 2ರಂದು, ಅಮೆರಿಕದ ಸೇನೆ ಕೆರಿಬಿಯನ್ ಸಮುದ್ರದಲ್ಲಿ ವೆನೆಜುವೆಲಾದಿಂದ ಹೊರಟ ದೋಣಿಯೊಂದನ್ನು ಸ್ಫೋಟಿಸಿತು. ಅದರಲ್ಲಿದ್ದ ಹನ್ನೊಂದು ಜನ ಸತ್ತರು ಎಂದು ಅಮೆರಿಕದ ಅಧ್ಯಕ್ಷರೇ ಪ್ರಕಟಿಸಿದರು. ನಂತರದ ವಾರಗಳಲ್ಲಿ ಇಂಥ ದಾಳಿಗಳು ಮುಂದುವರಿದವು. ಇವು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥರು ಹೇಳಿದರು. ತರ್ಕಶ್‌ನ ಕಮಾಂಡೊಗಳು ದೋಣಿ ಹತ್ತಿ ಖಾನೆ ತೆರೆದು ನೋಡಿದರು. ಸ್ಫೋಟಿಸಿದ ದೋಣಿಯಲ್ಲಿ ತೆರೆದು ನೋಡಲು ಏನೂ ಉಳಿಯುವುದಿಲ್ಲ: ಸಾಕ್ಷ್ಯವಿಲ್ಲ, ಒಡೆಯನ ಹೆಸರು ಹೇಳಬಲ್ಲ ಬಾಯಿಯಿಲ್ಲ, ತಪ್ಪಾಗಿದ್ದರೆ ತಿದ್ದಿಕೊಳ್ಳುವ ದಾರಿಯಿಲ್ಲ.

ನಮ್ಮ ತೀರ, ನಮ್ಮ ಗಡಿ

ಭಾರತ ಈ ವಿಷಯದಲ್ಲಿ ಒಂದು ವಿವೇಕದ ಕೆಲಸ ಮಾಡಿದೆ. ಸಮುದ್ರದಲ್ಲಿ ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ತಡೆಯುತ್ತವೆ, ಮೊಕದ್ದಮೆಯನ್ನು ಮಾದಕವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿಯೋ ರಾಜ್ಯದ ಪೊಲೀಸರೋ ನಡೆಸುತ್ತಾರೆ. 2023ರ ಮೇನಲ್ಲಿ ಕೇರಳ ತೀರದಾಚೆ ಸುಮಾರು 2,500 ಕೆ.ಜಿ. ಮೆಥಾಂಫೆಟಮೈನ್ ಸಿಕ್ಕಿದ್ದು, 2024ರ ಫೆಬ್ರುವರಿಯಲ್ಲಿ ಗುಜರಾತ್ ತೀರದಾಚೆ ಸುಮಾರು 3,300 ಕೆ.ಜಿ. ಸರಕು ಹಿಡಿದದ್ದು ನೌಕಾಪಡೆ ಮತ್ತು ಎನ್‌ಸಿಬಿಯ ಜಂಟಿ ಕೆಲಸದಿಂದ. ಅದೇ ವರ್ಷದ ನವೆಂಬರ್‌ನಲ್ಲಿ ಕೋಸ್ಟ್ ಗಾರ್ಡ್‌ನ ಗಸ್ತು ವಿಮಾನ ಅಂಡಮಾನ್ ಸಮುದ್ರದಲ್ಲಿ ಮ್ಯಾನ್ಮಾರ್‌ನ ದೋಣಿಯೊಂದನ್ನು ಗುರುತಿಸಿತು. ಅದರಲ್ಲಿದ್ದದ್ದು ಐದು ಟನ್ನಿಗೂ ಹೆಚ್ಚು ಮೆಥಾಂಫೆಟಮೈನ್.

ಹಿಡಿದ ಮೇಲಿನ ಕೆಲಸವೇ ಕಠಿಣ. ಎನ್‌ಡಿಪಿಎಸ್ ಎಂಬ ಮಾದಕವಸ್ತು ನಿಗ್ರಹ ಕಾಯ್ದೆಯ ಪ್ರಕಾರ ಸರಕಿನ ಪಟ್ಟಿಯಾಗಬೇಕು, ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆಯಬೇಕು, ಮೊಹರು ಬೀಳಬೇಕು, ಪ್ರಯೋಗಾಲಯಕ್ಕೆ ಹೋಗಬೇಕು. ಮಹಜರಿನಲ್ಲಿ ಒಂದು ಲೋಪವಾದರೂ ಕೇಸು ಬಿದ್ದುಹೋಗಬಹುದು. ಬಂದೂಕು ಹಿಡಿಯಲು ಕಲಿತವನಿಗೆ ಈ ವಿದ್ಯೆ ಕಲಿಸಿರುವುದಿಲ್ಲ, ಕಲಿಸಬೇಕಾಗಿಯೂ ಇಲ್ಲ.

ಪಂಜಾಬಿನ 553 ಕಿ.ಮೀ. ಗಡಿಯಲ್ಲಿ ಸಮಸ್ಯೆಯ ರೂಪವೇ ಬೇರೆ. ಅಲ್ಲಿ ಕಾಯುವುದು ಗೃಹ ಸಚಿವಾಲಯದ ಅಧೀನದಲ್ಲಿರುವ ಗಡಿ ಭದ್ರತಾ ಪಡೆ. ರಾತ್ರಿ ಹೊತ್ತು ಪುಟ್ಟ ಡ್ರೋನ್ ಬರುತ್ತದೆ, ಹಳದಿ ಟೇಪು ಸುತ್ತಿದ ಅರ್ಧ ಕಿಲೋ ಪೊಟ್ಟಣವನ್ನು ಗೋಧಿ ಹೊಲದಲ್ಲಿ ಬೀಳಿಸಿ ಹೋಗುತ್ತದೆ. 2024ರಲ್ಲಿ ಅಲ್ಲಿ ಹಿಡಿದ ಡ್ರೋನ್‌ಗಳು 300ರ ಹತ್ತಿರ. ಬೆಳಗ್ಗೆ ಹೊಲದಲ್ಲಿ ಆ ಪೊಟ್ಟಣ ಕಂಡ ರೈತ ಫೋನ್ ಮಾಡುತ್ತಾನೋ ಇಲ್ಲವೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮ್ಯಾನ್ಮಾರ್ ಜೊತೆಗಿನ 1,643 ಕಿ.ಮೀ. ಬೆಟ್ಟಗಾಡು ಗಡಿಯಲ್ಲಿ ಅಸ್ಸಾಂ ರೈಫಲ್ಸ್ ಇದೇ ಕಷ್ಟ ಎದುರಿಸುತ್ತಿದೆ.

ಇಷ್ಟೆಲ್ಲ ಕಾವಲಿನ ನಡುವೆ ಮರೆಯಬಾರದ ಹೆಸರು ಮುಂದ್ರಾ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಆ ಬಂದರಿನಲ್ಲಿ ಎರಡು ಕಂಟೇನರುಗಳಲ್ಲಿ ಸುಮಾರು 2,988 ಕೆ.ಜಿ. ಹೆರಾಯಿನ್ ಸಿಕ್ಕಿತು. ಅಫ್ಘಾನಿಸ್ತಾನದಿಂದ ಇರಾನಿನ ಬಂದರ್ ಅಬ್ಬಾಸ್ ಮೂಲಕ, ಟಾಲ್ಕ್ ಕಲ್ಲು ಎಂಬ ದಾಖಲೆಯೊಂದಿಗೆ, ರಾಜಮಾರ್ಗದಲ್ಲೇ ಬಂದ ಸರಕದು. ಅದನ್ನು ಹಿಡಿದವರು ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು. ಅವರ ಆಯುಧ ಕಾಗದಪತ್ರ ಮತ್ತು ಅನುಮಾನ. ಮುಂಬಾಗಿಲಿಗೆ ಎಷ್ಟು ಕಾವಲಿಟ್ಟರೂ ಬಿಲ್ಲು ಓದುವವನಿಲ್ಲದಿದ್ದರೆ ಕಳ್ಳ ಅದೇ ಬಾಗಿಲಿನಿಂದ ಬಿಲ್ಲು ಹಿಡಿದುಕೊಂಡೇ ಬರುತ್ತಾನೆ.

ಅಳೆಯಬೇಕಾದದ್ದು ಏನನ್ನು

ಪ್ರತಿ ಕಾರ್ಯಾಚರಣೆಯ ಮರುದಿನ ಪತ್ರಿಕೆಯಲ್ಲಿ ಎರಡು ಅಂಕಿ ಬರುತ್ತವೆ: ಎಷ್ಟು ಕಿಲೋ, ಎಷ್ಟು ಕೋಟಿ. ಹಿಡಿದವರ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಅದೇ ಅಳತೆಗೋಲಾದರೆ ನಾವು ಕೊಲಂಬಿಯಾದ ತಪ್ಪನ್ನು ಸಣ್ಣ ಪ್ರಮಾಣದಲ್ಲಿ ಮಾಡಿದಂತೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ದೋಣಿಯ ಖಲಾಸಿಯಿಂದ ಒಡೆಯನವರೆಗೆ ತನಿಖೆ ಹೋಯಿತೇ? ಹಣ ಹರಿದ ದಾರಿ ಪತ್ತೆಯಾಯಿತೇ? ನ್ಯಾಯಾಲಯದಲ್ಲಿ ಶಿಕ್ಷೆಯಾಯಿತೇ? ಬೀದಿಯಲ್ಲಿ ಸರಕು ಸಿಗುವುದು ಕಷ್ಟವಾಯಿತೇ?

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೊಳ್ಳುವವನದು. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 31.6 ಕೋಟಿ ಜನ ಮಾದಕವಸ್ತು ಬಳಸಿದರು. ನಮ್ಮಲ್ಲಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಫೀಮು, ಹೆರಾಯಿನ್ ಮತ್ತು ಆ ಬಗೆಯ ಔಷಧಗಳನ್ನು ಬಳಸುವವರು ಸುಮಾರು 2.26 ಕೋಟಿ. ಅಕ್ರಮ ಮಾದಕವಸ್ತುವಿನ ವ್ಯಸನಕ್ಕೆ ಬಿದ್ದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಗುತ್ತಿದೆ ಎಂದೂ ಅದೇ ವರದಿ ಹೇಳಿತು. ಉಳಿದ ಹತ್ತೊಂಬತ್ತು ಜನ ನಾಳೆಯೂ ಕೊಳ್ಳುತ್ತಾರೆ. ಅವರಿಗಾಗಿ ಇನ್ನೊಂದು ದೋಣಿ ಹೊರಡುತ್ತದೆ.

ಹಾಗಾಗಿ ಈ ಲೇಖಕನ ತೀರ್ಮಾನ ಇಷ್ಟು. ಕಡಲಿನಲ್ಲಿ, ಆಕಾಶದಲ್ಲಿ, ಪೊಲೀಸರ ಕೈ ಎಟುಕದ ಗಡಿಯಲ್ಲಿ ಸೇನೆ ಕಣ್ಣಾಗಬೇಕು, ತಡೆಯುವ ಕೈಯಾಗಬೇಕು. ಅಲ್ಲಿಂದಾಚೆಗೆ ಬಂಧನ, ತನಿಖೆ, ವಿಚಾರಣೆ, ಶಿಕ್ಷೆ ನಾಗರಿಕ ವ್ಯವಸ್ಥೆಯ ಕೈಯಲ್ಲೇ ಇರಬೇಕು. ಯುದ್ಧನೌಕೆಗೆ ಸಿಕ್ಕಷ್ಟೇ ಮನ್ನಣೆ, ಹಣ, ತರಬೇತಿ ಠಾಣೆಯ ತನಿಖಾಧಿಕಾರಿಗೂ, ಬಂದರಿನ ಸುಂಕದ ಅಧಿಕಾರಿಗೂ, ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ವ್ಯಸನಿಗಳಿಗೆ ಚಿಕಿತ್ಸೆ ಕೊಡುವ ವೈದ್ಯರಿಗೂ ಸಿಗಬೇಕು.

ಓದುಗರ ಪಾಲಿನ ಕೆಲಸವೂ ಇದೆ. ನಿಮ್ಮ ಬೀದಿಯಲ್ಲಿ, ಕಾಲೇಜಿನ ಸುತ್ತ ಮಾರಾಟ ಕಂಡರೆ 1933ಕ್ಕೆ ಕರೆ ಮಾಡಿ. ಅದು ಎನ್‌ಸಿಬಿಯ ಸಹಾಯವಾಣಿ. ಮನೆಯಲ್ಲಿ ಯಾರಾದರೂ ವ್ಯಸನಕ್ಕೆ ಸಿಕ್ಕಿದ್ದರೆ ಮುಚ್ಚಿಡಬೇಡಿ. ವ್ಯಸನಮುಕ್ತಿಗೆ ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ಬೆಂಗಳೂರಿನ 37.87 ಕೆ.ಜಿ.ಯ ಪ್ರಕರಣ ಶುರುವಾದದ್ದು ಮಂಗಳೂರಿನ 15 ಗ್ರಾಂನಿಂದ ಎಂಬುದು ನೆನಪಿರಲಿ.